ಟರ್ಕಿ ಟ್ರಾಟ್‌ಗೆ ದಪ್ಪ ಜಾಕೆಟ್ ಬೇಡ

ಬೆಂಗಳೂರಿನಿಂದ ಹೋದ ಮೇಲೆ ಇದು ಮೊದಲ ಚಳಿಗಾಲ, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಗೆಳೆಯರ ಜೊತೆ ಅಮೆರಿಕದ ಬಫಲೋ ನಗರದ ಟರ್ಕಿ ಟ್ರಾಟ್ ಓಟದಲ್ಲಿ ಓಡಬೇಕು, ದಪ್ಪ ಜಾಕೆಟ್ ಬೇಕಾ ಅಂತ ಕೇಳಿದ್ದೀರಿ. ಓಡುವುದಂತೂ ಖಂಡಿತ ಓಡಿ. 1896ರಲ್ಲಿ ಶುರುವಾದ ಓಟ ಅದು. ದೂರ 8 ಕಿಲೋಮೀಟರ್. ಎಷ್ಟೋ ಜನ ಟರ್ಕಿ ಕೋಳಿಯ ವೇಷ ಹಾಕಿಕೊಂಡೇ ಓಡುತ್ತಾರೆ. ಟೈಮಿಂಗ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಜಾಕೆಟ್ ಬೇಡ. ಹೊರಗೆ ಎಷ್ಟು ಡಿಗ್ರಿ ಇದೆಯೋ ಅದಕ್ಕಿಂತ ಹತ್ತು ಜಾಸ್ತಿ ಇದೆ ಅಂದುಕೊಂಡು ಬಟ್ಟೆ ಹಾಕಿ. ನಿಂತಾಗ ಸ್ವಲ್ಪ ಚಳಿ ಆಗುತ್ತಿದ್ದರೆ ಸರಿಯಾಗಿದೆ ಅಂತ ಅರ್ಥ, ಒಂದು ಕಿಲೋಮೀಟರ್ ಆಗುವಷ್ಟರಲ್ಲಿ ಮೈ ಬಿಸಿಯಾಗುತ್ತದೆ. ಒಳಗೆ ಕಾಟನ್ ಬನಿಯನ್ ಮಾತ್ರ ಬೇಡ. ಅದು ಬೆವರು ಹೀರಿಕೊಂಡು ಒದ್ದೆಯಾಗಿ ಬೆನ್ನಿಗೆ ಅಂಟುತ್ತದೆ, ಗಾಳಿ ಬೀಸಿದರೆ ನಡುಕ ಹುಟ್ಟುತ್ತದೆ. ಪಾಲಿಯೆಸ್ಟರ್ ಅಥವಾ ತೆಳು ಉಣ್ಣೆಯದು ಹಾಕಿ. ಕೈಗವಸು, ಕಿವಿ ಮುಚ್ಚುವ ಟೋಪಿ ಮರೆಯಬೇಡಿ. ಬೆರಳು ಮರಗಟ್ಟಿದರೆ ಶೂ ಲೇಸ್ ಕಟ್ಟುವುದಕ್ಕೂ ಆಗುವುದಿಲ್ಲ.

ಒಣ ತಂಪು ಗಾಳಿಗೆ ಮೊದಮೊದಲು ಗಂಟಲು ಉರಿಯುತ್ತದೆ. ಮಾತಾಡುತ್ತಾ ಓಡುವಷ್ಟೇ ವೇಗ ಸಾಕು, ಗೆಳೆಯರು ಜೊತೆಗಿದ್ದಾರಲ್ವಾ! ಉಬ್ಬಸ ಇದ್ದರೆ ಡಾಕ್ಟರನ್ನು ಮೊದಲೇ ಕೇಳಿ, ಇನ್‌ಹೇಲರ್ ಜೇಬಲ್ಲಿರಲಿ.

ಮುಖ್ಯವಾದದ್ದು ಓಟ ಮುಗಿದ ಮೇಲೆ. ಫೋಟೋ, ಹರಟೆ ಎಲ್ಲಾ ಆಮೇಲೆ. ಮೊದಲು ಒಳಗೆ ಹೋಗಿ ಒದ್ದೆ ಶರ್ಟ್ ಬದಲಾಯಿಸಿ. ಆ ದಪ್ಪ ಜಾಕೆಟ್ ಬೇಕಾಗುವುದು ಆಗಲೇ.