ಜರ್ಮನಿಗೆ ಓದಲು ಹೋಗುವಾಗ ಯಾವ ಬ್ಯಾಂಕ್ ಖಾತೆ, ಯಾವ ಸಿಮ್ ತಗೊಳ್ಳಬೇಕು?

ನಿಮ್ಮ ಪ್ರಶ್ನೆ ಇಷ್ಟು: ಊರು ತಿಪಟೂರಿನ ಹತ್ತಿರ, ಬಿಇ ತುಮಕೂರಿನಲ್ಲಿ ಆಗಿದೆ, ಅಕ್ಟೋಬರ್‌ಗೆ ಜರ್ಮನಿಯಲ್ಲಿ ಎಂಎಸ್ ಸೀಟು ಸಿಕ್ಕಿದೆ, ಅಲ್ಲಿ ಯಾವ ಬ್ಯಾಂಕಿನಲ್ಲಿ ಖಾತೆ ತೆರೆದರೆ ಒಳ್ಳೆಯದು, ಸಿಮ್ ಇಲ್ಲಿಂದಲೇ ತಗೊಂಡು ಹೋಗಬೇಕಾ, ಕೊಬ್ಬರಿ ಮಾರಿದ ದುಡ್ಡು ಬಂದಾಗ ಬಂದಾಗ ಅಪ್ಪ ಕಳಿಸುವುದು ಹೇಗೆ. ನಾನು ತುಮಕೂರಿನವನೇ. ಅಲ್ಲಿ ಓದಿ, ಸ್ವಲ್ಪ ಕಾಲ ಕೆಲಸ ಮಾಡಿ ವಾಪಸ್ ಬಂದಿದ್ದೇನೆ, ಈಗಲೂ ನಮ್ಮ ಕಡೆಯಿಂದ ಹೊರಡುವ ಹುಡುಗ ಹುಡುಗಿಯರು ಇದನ್ನೇ ಕೇಳುತ್ತಾರೆ.

ಜರ್ಮನಿಯ ಬ್ಯಾಂಕು, ಜರ್ಮನಿಯ ಸಿಮ್ ಎರಡೂ ಸುಲಭದ ಭಾಗ. ಸರಿಹೋಗದಿದ್ದರೆ ಅಲ್ಲೇ ಬದಲಾಯಿಸಬಹುದು. ಆದರೆ ಊರಿನ ಖಾತೆ, ಊರಿನ ನಂಬರ್ ಸರಿಮಾಡಿಕೊಳ್ಳದೆ ವಿಮಾನ ಹತ್ತಿದರೆ ಅದನ್ನು ಅಲ್ಲಿ ಕೂತು ಸರಿಮಾಡುವುದು ತುಂಬಾ ಕಷ್ಟ. ಅದಕ್ಕೇ ಮೊದಲು ಇಲ್ಲಿಯದು ಹೇಳುತ್ತೇನೆ.

ನಿಮ್ಮ ಈಗಿನ ಮೊಬೈಲ್ ನಂಬರ್ ಯಾರ ಹೆಸರಲ್ಲಿದೆ ನೋಡಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಕ್ಕಳ ಸಿಮ್ ಅಪ್ಪನ ಹೆಸರಲ್ಲೋ ಮಾವನ ಹೆಸರಲ್ಲೋ ಇರುತ್ತದೆ. ಸಿಮ್ ಕಳೆದರೆ ಡೂಪ್ಲಿಕೇಟ್ ತಗೊಳ್ಳಲು ಯಾರ ಹೆಸರಲ್ಲಿದೆಯೋ ಅವರೇ ಆಧಾರ್ ಹಿಡಿದುಕೊಂಡು ಅಂಗಡಿಗೆ ಬರಬೇಕು. ನಿಮ್ಮ ಹೆಸರಲ್ಲಿದ್ದು ಜರ್ಮನಿಯಲ್ಲಿ ಕಳೆದುಹೋದರೆ ನೀವು ರಜಕ್ಕೆ ಬರುವವರೆಗೂ ಬ್ಯಾಂಕಿನ ಓಟಿಪಿ ಬರುವುದಿಲ್ಲ ಎಂದೇ ಲೆಕ್ಕ. ಆದ್ದರಿಂದ ಊರಿನ ಸಿಮ್ ಅನ್ನು ಫೋನಿನ ಒಂದು ಸ್ಲಾಟಿನಲ್ಲಿ ಹಾಕಿದ್ದು ಹಾಕಿದ ಹಾಗೇ ಇರಲಿ, ತೆಗೆದು ಪರ್ಸಿನಲ್ಲಿ ಇಡುವ ಅಭ್ಯಾಸ ಬೇಡ. ಎರಡು ಸಿಮ್ ಹಿಡಿಯುವ ಫೋನ್ ಇಲ್ಲದಿದ್ದರೆ ಹೊರಡುವ ಮುಂಚೆ ಅದಕ್ಕೊಂದು ದಾರಿ ಮಾಡಿಕೊಳ್ಳಿ.

ರೀಚಾರ್ಜ್ ವಿಷಯ: 90 ದಿನ ಯಾವ ಬಳಕೆಯೂ ಇಲ್ಲದ ಪ್ರೀಪೇಯ್ಡ್ ನಂಬರನ್ನು ಕಂಪನಿ ನಿಲ್ಲಿಸಬಹುದು, ಆಮೇಲೆ ಆ ನಂಬರ್ ಬೇರೆಯವರ ಪಾಲು. ನಿಮಗೆ ಅಲ್ಲಿ ಇಂಡಿಯಾ ಡೇಟಾ ಬೇಕಿಲ್ಲ. 2024ರ ಕೊನೆಯಲ್ಲಿ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ನಿಯಮ ಬದಲಾಯಿಸಿದ ಮೇಲೆ ಬರೀ ಕರೆ ಮತ್ತು ಎಸ್ಎಂಎಸ್ ಇರುವ, ಡೇಟಾ ಇಲ್ಲದ ಪ್ಯಾಕ್‌ಗಳು ಬಂದಿವೆ, ವರ್ಷದ ವ್ಯಾಲಿಡಿಟಿಯದ್ದೂ ಇದೆ. ಅದನ್ನು ಹಾಕಿಸಿ, ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ, ಫೋನಿನಲ್ಲಿ ಆ ಸಿಮ್ಮಿನ ಡೇಟಾ ರೋಮಿಂಗ್ ಮಾತ್ರ ಆಫ್ ಇಡಿ. ಅಲ್ಲಿ ಇಂಡಿಯಾ ನಂಬರಿಗೆ ಬಂದ ಕರೆ ಎತ್ತಬೇಡಿ, ಎತ್ತಿದರೆ ರೋಮಿಂಗ್ ಚಾರ್ಜ್ ಬೀಳಬಹುದು. ವಾಟ್ಸಾಪ್ ಹಳೇ ನಂಬರಿನಲ್ಲೇ ನಡೆಯಲಿ. ಮನೆಯವರು, ಊರಿನವರು ಎಲ್ಲರ ಹತ್ತಿರ ಅದೇ ನಂಬರ್ ಇರುವುದು, ಅಲ್ವಾ.

ಅಮೆರಿಕ, ಬ್ರಿಟನ್, ಕೆನಡಾ ಥರದ ಕೆಲವು ದೇಶಗಳ ನಂಬರಿನಲ್ಲೂ ಎನ್‌ಆರ್‌ಒ ಖಾತೆಗೆ (ಹೊರದೇಶದಲ್ಲಿ ಇರುವವರು ಇಂಡಿಯಾದಲ್ಲಿ ಇಟ್ಟುಕೊಳ್ಳುವ ರೂಪಾಯಿ ಖಾತೆ) ಯುಪಿಐ ಜೋಡಿಸಲು ಅವಕಾಶ ಕೊಟ್ಟಿದ್ದಾರೆ. ನಾನು ನೋಡಿದ ಪಟ್ಟಿಯಲ್ಲಿ ಜರ್ಮನಿ ಇರಲಿಲ್ಲ. ಹಾಗಾಗಿ ನಿಮಗೆ ಊರಿನ ನಂಬರ್ ಇನ್ನೂ ಮುಖ್ಯ.

ಎನ್‌ಆರ್‌ಒ ಅಂದೆ ನೋಡಿ, ಅದನ್ನೂ ಹೇಳಿಬಿಡುತ್ತೇನೆ. ಓದಲು ಹೊರದೇಶಕ್ಕೆ ಹೋದವರನ್ನು ವಿದೇಶಿ ವಿನಿಮಯದ ಲೆಕ್ಕದಲ್ಲಿ ಎನ್‌ಆರ್‌ಐ ಎಂದೇ ನೋಡಬೇಕು ಎಂದು ರಿಸರ್ವ್ ಬ್ಯಾಂಕ್ 2003ರಲ್ಲೇ ಹೇಳಿದೆ. ಅಂದರೆ ನಿಮ್ಮ ಈಗಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಮಾಡಿಸಬೇಕು. ಹೆಚ್ಚಿನವರು ಮಾಡಿಸುವುದೇ ಇಲ್ಲ, ಆಮೇಲೆ ಕೆಲಸ ಸಿಕ್ಕಿ ಊರಿಗೆ ದುಡ್ಡು ಕಳಿಸುವ ಹೊತ್ತಿಗೆ ಒದ್ದಾಡುತ್ತಾರೆ. ಶಾಖೆಗೆ ಹೋಗಿ ವೀಸಾ ಪ್ರತಿ ಕೊಟ್ಟು ಯಾವ ಅರ್ಜಿ ತುಂಬಬೇಕು ಎಂದು ಈಗಲೇ ಕೇಳಿಕೊಳ್ಳಿ.

ಇನ್ನು ದೊಡ್ಡ ದುಡ್ಡು. ವೀಸಾಕ್ಕೆ ಬ್ಲಾಕ್ಡ್ ಅಕೌಂಟ್ ಬೇಕು, ಅಂದರೆ ಅಲ್ಲಿಯ ಖರ್ಚಿನ ದುಡ್ಡನ್ನು ಮೊದಲೇ ಕಟ್ಟಿಟ್ಟು ತಿಂಗಳಿಗೆ ಇಷ್ಟೇ ಎಂದು ತೆಗೆಯುವ ಖಾತೆ, ಅದು ನಿಮಗೆ ಗೊತ್ತಿದೆ. ಈಗಿನ ಮೊತ್ತ ವರ್ಷಕ್ಕೆ 11,904 ಯೂರೊ. ಅಲ್ಲಿ ಹೋದ ಮೇಲೆ ಅದರಿಂದ ತಿಂಗಳಿಗೆ 992 ಯೂರೊ ಮಾತ್ರ ನಿಮ್ಮ ಕೈಗೆ ಬರುತ್ತದೆ. ಈ ಮೊತ್ತ ಆಗಾಗ ಏರುತ್ತದೆ, ಕಟ್ಟುವ ಮುಂಚೆ ರಾಯಭಾರ ಕಚೇರಿಯ ವೆಬ್‌ಸೈಟಿನಲ್ಲಿ ಒಂದು ಸಲ ನೋಡಿ. ಫಿಂಟಿಬಾ, ಎಕ್ಸ್‌ಪಾಟ್ರಿಯೊ ಹೀಗೆ ಈ ಖಾತೆ ತೆರೆದುಕೊಡುವ ಎರಡು ಮೂರು ಕಂಪನಿಗಳ ಹೆಸರು ಎಲ್ಲರೂ ಹೇಳುತ್ತಾರೆ, ಅವುಗಳ ನಡುವೆ ತಲೆ ಕೆಡಿಸಿಕೊಳ್ಳುವಷ್ಟು ವ್ಯತ್ಯಾಸ ನನಗೆ ಕಂಡಿಲ್ಲ. ನಿಜವಾದ ವ್ಯತ್ಯಾಸ ಇರುವುದು ಇಲ್ಲಿಂದ ಕಳಿಸುವಾಗ ನಿಮ್ಮ ಬ್ಯಾಂಕ್ ಹಾಕುವ ಯೂರೊ ದರದಲ್ಲಿ. ಕಳಿಸುವ ಶುಲ್ಕ ಐನೂರೋ ಸಾವಿರವೋ ಎಂದು ಜನ ಅದನ್ನೇ ಕೇಳುತ್ತಾರೆ, ಆದರೆ ಒಂದು ಯೂರೊ ಮೇಲೆ ಒಂದು ರೂಪಾಯಿ ಜಾಸ್ತಿ ಹಿಡಿದರೆ ನಿಮ್ಮ ಕೈಯಿಂದ ಹೋಗುವುದು 11,904 ರೂಪಾಯಿ. ಅಷ್ಟರಲ್ಲಿ ನಿಮ್ಮ ಒಂದು ವರ್ಷದ ಫೋನ್ ಖರ್ಚು ಹತ್ತಿರ ಹತ್ತಿರ ಆಗಿಹೋಗುತ್ತದೆ. ಅದೇ ದಿನ ಎರಡು ಮೂರು ಬ್ಯಾಂಕಿನಲ್ಲಿ "ಇವತ್ತು ಯೂರೊ ಕಳಿಸಿದರೆ ಎಲ್ಲಾ ಸೇರಿ ಎಷ್ಟು ರೂಪಾಯಿ ಆಗುತ್ತದೆ" ಎಂದು ಒಟ್ಟು ಮೊತ್ತ ಕೇಳಿ. ದರ ಸ್ವಲ್ಪ ಕಡಿಮೆ ಮಾಡಿ ಎಂದು ಕೇಳಿದರೆ ಎಷ್ಟೋ ಸಲ ಮಾಡುತ್ತಾರೆ, ಸಂಕೋಚ ಬೇಡ.

ಎಲ್ಲ ಶಾಖೆಗಳಲ್ಲೂ ವಿದೇಶಕ್ಕೆ ಕಳಿಸುವ ಕೆಲಸ ಆಗುವುದಿಲ್ಲ ಎನ್ನುವುದು ನೆನಪಿರಲಿ. ಊರಿನ ಶಾಖೆಯವರು ಪೇಪರ್ ತಗೊಂಡು ತುಮಕೂರಿಗೋ ಬೆಂಗಳೂರಿಗೋ ಕಳಿಸಿ, ಅಲ್ಲಿಂದ ಒಂದು ಸಹಿ ಇಲ್ಲ ಎಂದು ವಾಪಸ್ ಬಂದು, ವೀಸಾ ಅಪಾಯಿಂಟ್‌ಮೆಂಟ್ ಹತ್ತಿರ ಬಂದಿರುತ್ತದೆ. ತುಮಕೂರಿನಲ್ಲಿ ವಿದೇಶಿ ವಿನಿಮಯ ನೋಡುವ ಶಾಖೆ ಯಾವುದು ಎಂದು ಮೊದಲೇ ತಿಳಿದುಕೊಂಡು ಅಲ್ಲಿಗೇ ಹೋಗಿ. ಫಾರ್ಮ್ ಎ2 (ವಿದೇಶಕ್ಕೆ ದುಡ್ಡು ಕಳಿಸುವ ಅರ್ಜಿ), ಪ್ಯಾನ್, ಅಡ್ಮಿಷನ್ ಪತ್ರ, ಪಾಸ್‌ಪೋರ್ಟ್ ಇಷ್ಟಂತೂ ಕೇಳುತ್ತಾರೆ. ಸಾಲದಲ್ಲಿ ಹೋಗುತ್ತಿದ್ದರೆ ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳಿಸುವ ದುಡ್ಡಿಗೆ 2025ರ ಏಪ್ರಿಲ್‌ನಿಂದ ಟಿಸಿಎಸ್, ಅಂದರೆ ಕಳಿಸುವಾಗಲೇ ಬ್ಯಾಂಕ್ ಹಿಡಿದುಕೊಳ್ಳುವ ತೆರಿಗೆ, ಇಲ್ಲ. ಅಪ್ಪನ ಕೈಯಿಂದಲೇ ಹೋಗುವುದಾದರೆ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷದವರೆಗೆ ಇಲ್ಲ, ಮೇಲಿನದಕ್ಕೆ ಮಾತ್ರ ಹಿಡಿಯುತ್ತಾರೆ, ಹಿಡಿದದ್ದನ್ನು ರಿಟರ್ನ್ಸ್ ಹಾಕಿ ವಾಪಸ್ ಪಡೆಯಬಹುದು. ಕೊಬ್ಬರಿ ದುಡ್ಡು ಬಂದಾಗ ಬಂದಾಗ ಕಳಿಸುತ್ತೇವೆ ಅಂದಿದ್ದೀರಲ್ಲ, ಹಾಗಾದರೆ ಮಾರ್ಚ್‌ಗೆ ಸ್ವಲ್ಪ, ಏಪ್ರಿಲ್‌ಗೆ ಸ್ವಲ್ಪ ಕಳಿಸಿದರೆ ಎರಡು ವರ್ಷದ ಲೆಕ್ಕಕ್ಕೆ ಹೋಗುತ್ತದೆ.

ಹೆಸರಿನ ಗೋಳು ನಮ್ಮ ಕಡೆಯವರಿಗೆ ಇದ್ದೇ ಇದೆ. ಮಾರ್ಕ್ಸ್ ಕಾರ್ಡಿನಲ್ಲಿ ಮಂಜುನಾಥ ಕೆ.ಆರ್., ಆಧಾರ್‌ನಲ್ಲಿ ಮಂಜುನಾಥ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಅಲ್ಲಿಯ ಪ್ರತಿ ಅರ್ಜಿಯೂ ಹೆಸರು ಬೇರೆ, ಮನೆತನದ ಹೆಸರು ಬೇರೆ ಕೇಳುತ್ತದೆ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಅದನ್ನೇ ಆಧಾರ ಮಾಡಿಕೊಂಡು ಯೂನಿವರ್ಸಿಟಿ, ಬ್ಲಾಕ್ಡ್ ಅಕೌಂಟ್, ಇನ್ಶೂರೆನ್ಸ್, ಬ್ಯಾಂಕ್, ಸಿಮ್ ಎಲ್ಲ ಕಡೆ ಒಂದೇ ರೀತಿ ತುಂಬಿ. ಒಂದು ಕಡೆ ಇನಿಷಿಯಲ್ ಹಾಕಿ ಇನ್ನೊಂದು ಕಡೆ ಬಿಟ್ಟರೆ ಮೇಲ್ ಮೇಲೆ ಮೇಲ್ ಹಾಕುತ್ತಾ ಕೂರಬೇಕಾಗುತ್ತದೆ.

ಅಲ್ಲಿಗೆ ಹೋದ ಮೇಲೆ ಕೆಲಸಗಳಿಗೆ ಒಂದು ಸಾಲು ಇದೆ. ಮೊದಲು ಮನೆ, ಆಮೇಲೆ ಸಿಮ್, ಆಮೇಲೆ ಆನ್‌ಮೆಲ್ಡುಂಗ್ ಅಂದರೆ ನಗರ ಕಚೇರಿಯಲ್ಲಿ ವಿಳಾಸ ನೋಂದಣಿ, ಆಮೇಲೆ ಬ್ಯಾಂಕಿನ ದಿನಬಳಕೆಯ ಖಾತೆ, ಅದನ್ನು ಅವರು ಗೀರೊಕೋಂಟೊ ಎನ್ನುತ್ತಾರೆ. ಇದರ ಐಬ್ಯಾನ್, ಅಂದರೆ ಅಲ್ಲಿಯ ಖಾತೆ ನಂಬರ್, ಕೊಟ್ಟ ಮೇಲೆಯೇ ಬ್ಲಾಕ್ಡ್ ಅಕೌಂಟಿನ 992 ಯೂರೊ ಬರಲು ಶುರುವಾಗುವುದು. ಮನೆಗೆ ಸೇರಿದ ಎರಡು ವಾರದೊಳಗೆ ನೋಂದಣಿ ಮಾಡಿಸಬೇಕು, ಮನೆ ಮಾಲೀಕರ ಸಹಿಯ ಪತ್ರ ಬೇಕು, ಅಕ್ಟೋಬರ್‌ನಲ್ಲಿ ಎಲ್ಲ ವಿದ್ಯಾರ್ಥಿಗಳೂ ಒಟ್ಟಿಗೆ ಬಂದಿರುವುದರಿಂದ ಅಪಾಯಿಂಟ್‌ಮೆಂಟ್ ಸಿಗುವುದು ನಿಧಾನ. ಮನೆ ಅಡ್ವಾನ್ಸ್ ಮೂರು ತಿಂಗಳ ಬಾಡಿಗೆಯವರೆಗೂ ಕೇಳಬಹುದು. ಅಷ್ಟು ದಿನಕ್ಕೆ, ಅಡ್ವಾನ್ಸಿಗೆ ಎಂದು ಯೂರೊ ಫಾರೆಕ್ಸ್ ಕಾರ್ಡಿನಲ್ಲಿ (ಇಲ್ಲೇ ಯೂರೊ ತುಂಬಿಸಿಕೊಂಡು ಹೋಗುವ ಕಾರ್ಡ್) ದುಡ್ಡು ಇರಲೇಬೇಕು. ಬ್ಲಾಕ್ಡ್ ಅಕೌಂಟ್ ಇದೆಯಲ್ಲ ಎಂದು ಬರೀಗೈಯಲ್ಲಿ ಹೋಗಬೇಡಿ.

ಯಾವ ಬ್ಯಾಂಕ್? ನಿಮ್ಮಂಥವರಿಗೆ, ಅಂದರೆ ಮೊದಲ ಸಲ ಹೊರಗೆ ಹೋಗುವ, ಜರ್ಮನ್ ಇನ್ನೂ ಕಲಿಯುತ್ತಿರುವವರಿಗೆ, ನಾನು ಊರಲ್ಲಿ ಶಾಖೆ ಇರುವ ಬ್ಯಾಂಕೇ ಹೇಳುವುದು. ಸ್ಪಾರ್ಕಾಸೆ ಹೆಚ್ಚುಕಡಿಮೆ ಎಲ್ಲ ಊರಲ್ಲೂ ಇರುತ್ತದೆ, ಎಟಿಎಂ ಹತ್ತಿರ ಸಿಗುತ್ತದೆ, ಏನಾದರೂ ಆದರೆ ಎದುರಿಗೆ ಕೂತು ಮಾತಾಡುವ ಒಬ್ಬರು ಇರುತ್ತಾರೆ. ಎನ್26 ಥರದ ಆ್ಯಪ್ ಬ್ಯಾಂಕುಗಳೂ ಚೆನ್ನಾಗಿವೆ, ಬೇಗ ತೆರೆಯಬಹುದು, ಎರಡನೇ ಖಾತೆಯಾಗಿ ಇಟ್ಟುಕೊಳ್ಳಿ. ಇಲ್ಲಿಯ ಹಾಗೆ ಮಿನಿಮಮ್ ಬ್ಯಾಲೆನ್ಸ್ ಭಯ ಅಲ್ಲಿ ಅಷ್ಟಾಗಿ ಇಲ್ಲ. ಕೇಳಬೇಕಾದ್ದು ತಿಂಗಳ ಶುಲ್ಕ. ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಉಚಿತ, ಆದರೆ ಎಷ್ಟನೇ ವಯಸ್ಸಿನವರೆಗೆ ಎಂದು ಕೇಳಿ, ಕೆಲಸ ಮಾಡಿ ಆಮೇಲೆ ಓದಲು ಹೋಗುವವರಿಗೆ ಅಲ್ಲೇ ತಪ್ಪುತ್ತದೆ. ಗೀರೊಕಾರ್ಡ್, ಅಂದರೆ ಜರ್ಮನಿಯದೇ ಡೆಬಿಟ್ ಕಾರ್ಡ್, ಕೊಡುತ್ತಾರಾ ಎಂದೂ ಕೇಳಿ, ಕೆಲವು ಸಣ್ಣ ಅಂಗಡಿಗಳಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ನಡೆಯುವುದಿಲ್ಲ, ಅದು ಮಾತ್ರ ನಡೆಯುತ್ತದೆ. ಓವರ್‌ಡ್ರಾಫ್ಟ್ ಕೊಡುತ್ತೇವೆ ಅಂದರೆ ಬೇಡ ಅನ್ನಿ, ಬಡ್ಡಿ ಜಾಸ್ತಿ. ಠೇವಣಿಗೆ 1,00,000 ಯೂರೊವರೆಗೆ ಕಾನೂನಿನ ರಕ್ಷಣೆ ಇದೆ, ದೊಡ್ಡದೋ ಚಿಕ್ಕದೋ ಎಂಬ ಹೆದರಿಕೆ ಬೇಡ.

ಕಾರ್ಡ್ ಒಂದು ಲಕೋಟೆಯಲ್ಲಿ, ಪಿನ್ ಇನ್ನೊಂದರಲ್ಲಿ, ಬೇರೆ ಬೇರೆ ದಿನ ಅಂಚೆಯಲ್ಲಿ ಬರುತ್ತದೆ. ಅಲ್ಲಿ ಅಪಾರ್ಟ್‌ಮೆಂಟಿನ ಬಾಗಿಲ ಹತ್ತಿರ ಸಾಲಾಗಿ ಅಂಚೆ ಡಬ್ಬಿಗಳು, ಒಂದೊಂದರ ಮೇಲೂ ಹೆಸರಿನ ಪಟ್ಟಿ. ಅಂಚೆಯವರು ಫ್ಲಾಟ್ ನಂಬರ್ ನೋಡುವುದಿಲ್ಲ, ಹೆಸರು ನೋಡುತ್ತಾರೆ. ನನ್ನ ಜೊತೆ ಇದ್ದ ಶಿರಾದ ಹುಡುಗನ ಕಾರ್ಡ್ ವಾಪಸ್ ಹೋಗಿತ್ತು. ಕೆಳಗಿಳಿದು ನೋಡಿದರೆ ಡಬ್ಬಿಯ ಮೇಲೆ ಹಳೇ ಬಾಡಿಗೆದಾರರ ಹೆಸರೇ ಇತ್ತು. ಚೀಟಿಯಲ್ಲಿ ಅವನ ಹೆಸರು ಬರೆದು ಟೇಪ್ ಹಾಕಿ ಅಂಟಿಸಿ, ಬ್ಯಾಂಕಿಗೆ ಇನ್ನೊಮ್ಮೆ ಕಳಿಸಿ ಎಂದ ಮೇಲೆ ಬಂತು. ಮನೆಗೆ ಹೋದ ಮೊದಲ ದಿನವೇ ಈ ಚೀಟಿ ಅಂಟಿಸಿ, ಅರ್ಜಿಯಲ್ಲಿ ತುಂಬಿದ ಅದೇ ಹೆಸರಲ್ಲಿ.

ಬಾಡಿಗೆ, ಇನ್ಶೂರೆನ್ಸ್, ರೇಡಿಯೊ ಶುಲ್ಕ (ಸಾರ್ವಜನಿಕ ರೇಡಿಯೊ, ಟಿವಿಗೆಂದು ಪ್ರತಿ ಮನೆಯೂ ಕಟ್ಟಬೇಕಾದ್ದು, ಮನೆಗೆ ತಿಂಗಳಿಗೆ 18.36 ಯೂರೊ, ರೂಮ್‌ಮೇಟ್‌ಗಳು ಹಂಚಿಕೊಳ್ಳಬಹುದು) ಹೆಚ್ಚಾಗಿ ಖಾತೆಯಿಂದ ತಾನಾಗಿ ಕಡಿತ ಆಗುತ್ತವೆ. ನೀವು ಒಪ್ಪಿಗೆ ಕೊಟ್ಟ ಕಡಿತವನ್ನೂ ಎಂಟು ವಾರದೊಳಗೆ ವಾಪಸ್ ತರಿಸುವ ಹಕ್ಕು ಇದೆ. ತಿಂಗಳ ಮೊದಲ ವಾರ ಖಾತೆಯಲ್ಲಿ ದುಡ್ಡು ಇರುವ ಹಾಗೆ ನೋಡಿಕೊಂಡರೆ ಸಾಕು.

ಸಿಮ್ ಇಲ್ಲಿಂದ ತಗೊಂಡು ಹೋಗುವುದು ಬೇಡ. ಏಜೆಂಟರು ಮಾರುವುದು ಹೆಚ್ಚಾಗಿ ಪ್ರವಾಸಿಗರ ಪ್ಯಾಕ್, ದುಬಾರಿ, ಎಷ್ಟೋ ಸಲ ಜರ್ಮನ್ ನಂಬರೂ ಇರುವುದಿಲ್ಲ. ಮೊದಲ ಕೆಲವು ದಿನಕ್ಕೆ ಬೇಕೆನಿಸಿದರೆ ಒಂದು ಸಣ್ಣ ಇ-ಸಿಮ್ ಹಾಕಿಕೊಳ್ಳಿ. ಅಲ್ಲಿ ಆಲ್ಡಿ, ಲಿಡ್ಲ್ ಸೂಪರ್‌ಮಾರ್ಕೆಟ್‌ಗಳಲ್ಲೇ ಪ್ರೀಪೇಯ್ಡ್ ಸಿಮ್ ಸಿಗುತ್ತದೆ. ಆಲ್ಡಿಯದು ಓ2 ನೆಟ್‌ವರ್ಕ್, ಲಿಡ್ಲ್‌ನದು ವೊಡಾಫೋನ್. ಕೋಂಗ್‌ಸ್ಟಾರ್ ಎಂಬ ಸಿಮ್ ಡಾಯ್ಚೆ ಟೆಲಿಕಾಂ ಕಂಪನಿಯ ನೆಟ್‌ವರ್ಕಿನದು, ನಿಮ್ಮ ಯೂನಿವರ್ಸಿಟಿ ಸಣ್ಣ ಊರಲ್ಲಿದ್ದರೆ ಅದನ್ನೂ ನೋಡಿ. 2017ರಿಂದ ಪ್ರೀಪೇಯ್ಡ್‌ಗೂ ಗುರುತಿನ ಪರಿಶೀಲನೆ ಕಡ್ಡಾಯ, ವಿಡಿಯೊದಲ್ಲಿ ಪಾಸ್‌ಪೋರ್ಟ್ ತೋರಿಸಬೇಕು ಅಥವಾ ಪೋಸ್ಟ್ ಆಫೀಸಿಗೆ ಹೋಗಬೇಕು. ಪ್ಯಾಕ್ ಹೆಚ್ಚಾಗಿ ನಾಲ್ಕು ವಾರದ್ದು, ನಮ್ಮ 28 ದಿನದ ಹಾಗೇ, ವರ್ಷಕ್ಕೆ 13 ಸಲ ಕಟ್ಟಬೇಕು. ಹೋಲಿಸುವಾಗ ಹಾಗೇ ಲೆಕ್ಕ ಹಾಕಿ. ಒಂದು ಸಂತೋಷದ ವಿಷಯ, ಅಲ್ಲಿಯ ಸಿಮ್ ಯೂರೋಪಿಯನ್ ಯೂನಿಯನ್ ಪೂರ್ತಿ ಬೇರೆ ಚಾರ್ಜ್ ಇಲ್ಲದೆ ನಡೆಯುತ್ತದೆ. ರಜದಲ್ಲಿ ಪ್ಯಾರಿಸ್‌ಗೆ ಹೋದರೂ ಅದೇ ಪ್ಯಾಕ್.

24 ತಿಂಗಳ ಕಾಂಟ್ರಾಕ್ಟ್ ಮೊದಲ ಸೆಮಿಸ್ಟರ್‌ನಲ್ಲಿ ಬೇಡವೇ ಬೇಡ. ಫೋನ್ ಫ್ರೀ, ಇಷ್ಟು ಜಿಬಿ ಎಂದು ಅಂಗಡಿಯವರು ಚೆನ್ನಾಗಿಯೇ ಮಾತಾಡುತ್ತಾರೆ. ನೀವು ಆರು ತಿಂಗಳಲ್ಲಿ ಇಂಟರ್ನ್‌ಶಿಪ್‌ಗೆ ಇನ್ನೊಂದು ಊರಿಗೆ ಹೋಗಬಹುದು, ಅಲ್ಲಿ ಆ ನೆಟ್‌ವರ್ಕ್ ಸಿಗದೆ ಇರಬಹುದು, ದುಡ್ಡು ಮಾತ್ರ ಕಟ್ಟುತ್ತಲೇ ಇರಬೇಕು. ಆನ್‌ಲೈನಿನಲ್ಲಿ ಮಾಡಿದ್ದಾದರೆ 14 ದಿನದೊಳಗೆ ವಾಪಸ್ ಪಡೆಯಬಹುದು, ಅಂಗಡಿಯಲ್ಲಿ ಕೂತು ಸಹಿ ಮಾಡಿದ್ದಕ್ಕೆ ಸಾಮಾನ್ಯವಾಗಿ ಆ ಅವಕಾಶ ಇಲ್ಲ. ಒಂದು ವೇಳೆ ಮುಂದೆ ಯಾವಾಗಲಾದರೂ ಮಾಡಿದರೆ, ಮೊದಲ ಅವಧಿ ಮುಗಿದ ಮೇಲೆ ಒಂದು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು, ಮೊದಲಿನ ಹಾಗೆ ಇನ್ನೊಂದು ವರ್ಷ ಕಟ್ಟಿಹಾಕುವಂತಿಲ್ಲ.

ಈ ವಾರ ಮಾಡಬೇಕಾದ್ದು ಎರಡು: ಅಪ್ಪನ ಜೊತೆ ತುಮಕೂರಿನ ಶಾಖೆಗೆ ಹೋಗಿ ಎ2 ಹೇಗೆ ತುಂಬುವುದು ಎಂದು ಅಪ್ಪನ ಕೈಯಲ್ಲೇ ಒಂದು ಸಲ ತುಂಬಿಸಿ, ಮುಂದಿನ ಸಲ ನೀವು ಇರುವುದಿಲ್ಲ. ಮತ್ತು ಸಾಲ ತಗೊಂಡಿದ್ದರೆ ಸಾಲದ ಖಾತೆಗೆ ಅಪ್ಪನ ನಂಬರನ್ನೇ ಕೊಟ್ಟು ಅವರ ಹೆಸರಿನ ನೆಟ್ ಬ್ಯಾಂಕಿಂಗ್ ಶುರು ಮಾಡಿಸಿ.