'ಫ್ರಮ್'ನ ಎಫ್ ದೊಡ್ಡದೋ ಚಿಕ್ಕದೋ?

ಪ್ರಶ್ನೆ: ಮಗಳ ಬಿ.ಎಸ್ಸಿ. ಪ್ರಾಜೆಕ್ಟ್ ರಿಪೋರ್ಟಿನ ಹೆಸರು 'ದಿ ವಾಟರ್ ಫ್ರಮ್ ಅವರ್ ವೆಲ್ ಈಸ್ ಸೇಫ್'. 'ಫ್ರಮ್'ನ ಎಫ್ ಕ್ಯಾಪಿಟಲ್ ಇರಲಿ ಎಂದರು ಗೈಡ್. ಇನ್ನೊಬ್ಬ ಮೇಷ್ಟ್ರು ಸ್ಮಾಲ್ ಮಾಡು ಎಂದರಂತೆ. 'ಈಸ್'ನ ಐ ಸ್ಮಾಲ್ ಇದೆ, ಅದನ್ನು ಇಬ್ಬರೂ ಮುಟ್ಟಿಲ್ಲ. ಯಾರ ಮಾತು ಕೇಳುವುದು?
– ಓದುಗರೊಬ್ಬರು, ಸಾಗರ

ಉತ್ತರ: 'ಫ್ರಮ್' ವಿಷಯದಲ್ಲಿ ಇಬ್ಬರೂ ಸರಿ. 'ಈಸ್' ವಿಷಯದಲ್ಲಿ ಇಬ್ಬರ ಕಣ್ಣೂ ತಪ್ಪಿದೆ.

ನಮಗೆ ಇದು ತಲೆನೋವಾಗುವುದು ಸಹಜ. ಕನ್ನಡದಲ್ಲಿ ರಾಜನ 'ರಾ'ಗೂ ರಾಗಿಯ 'ರಾ'ಗೂ ಒಂದೇ ಗಾತ್ರ. ಇಂಗ್ಲಿಷಿನಲ್ಲೂ ಶೀರ್ಷಿಕೆಗಳ ಈ ಕ್ಯಾಪಿಟಲ್ ವ್ಯವಹಾರದಲ್ಲಿ ವ್ಯಾಕರಣಕ್ಕಿಂತ ಅಚ್ಚುಮನೆಯ ರೂಢಿಯೇ ಜಾಸ್ತಿ. ಅಪ್ಪರ್ ಕೇಸ್, ಲೋವರ್ ಕೇಸ್ ಎನ್ನುವ ಮಾತೇ ಅಚ್ಚಿನ ಮೊಳೆ (ಲೋಹದ ಅಕ್ಷರ) ಜೋಡಿಸುವವರ ಪೆಟ್ಟಿಗೆಯಿಂದ ಬಂದದ್ದು. ಕ್ಯಾಪಿಟಲ್ ಮೊಳೆಗಳು ಮೇಲಿನ ಪೆಟ್ಟಿಗೆಯಲ್ಲಿ, ಉಳಿದವು ಕೆಳಗಿನದರಲ್ಲಿ.

ಅಮೆರಿಕದ ಮನಃಶಾಸ್ತ್ರಜ್ಞರ ಸಂಘದ ಎಪಿಎ ಶೈಲಿ (ಬರಹದ ನಿಯಮಾವಳಿ) ಅಕ್ಷರ ಎಣಿಸುತ್ತದೆ. ಪದದಲ್ಲಿ ನಾಲ್ಕು ಅಥವಾ ಹೆಚ್ಚು ಅಕ್ಷರವಿದ್ದರೆ ಕ್ಯಾಪಿಟಲ್. ಎಫ್, ಆರ್, ಓ, ಎಂ: ನಾಲ್ಕಾಯಿತು, ಗೈಡ್ ಗೆದ್ದರು. ಶಿಕಾಗೊ ವಿಶ್ವವಿದ್ಯಾಲಯದ ಮುದ್ರಣಾಲಯದ ಕೈಪಿಡಿ ಪದದ ಕೆಲಸ ನೋಡುತ್ತದೆ. 'ಫ್ರಮ್'ನಂಥ ಪ್ರಿಪೊಸಿಷನ್ (ಸಂಬಂಧ ತೋರಿಸುವ ಪದ) ಎಷ್ಟೇ ಉದ್ದವಿರಲಿ, ಸ್ಮಾಲ್ ಎಂದು ಬಹಳ ಕಾಲ ಹಠ ಹಿಡಿದಿತ್ತು. 2024ರ 18ನೇ ಆವೃತ್ತಿಯಲ್ಲಿ ಸ್ವಲ್ಪ ಸಡಿಲ ಬಿಟ್ಟಿತು. ಐದಕ್ಷರದ 'ಅಬೌಟ್' ದೊಡ್ಡದಾಯಿತು. 'ಫ್ರಮ್', 'ವಿತ್' ಇನ್ನೂ ಚಿಕ್ಕವೇ. ಅಲ್ಲಿಗೆ ಮೇಷ್ಟ್ರೂ ಗೆದ್ದರು!

'ಈಸ್' ಕತೆ ಬೇರೆ. ಎರಡೇ ಅಕ್ಷರ ಅಲ್ವಾ ಎಂದು ಎಲ್ಲರೂ ಸುಮ್ನೆ ಚಿಕ್ಕದು ಮಾಡಿಬಿಡುತ್ತಾರೆ. ಪ್ರೂಫ್ ನೋಡುವಾಗ ನನ್ನ ಕೆಂಪು ಪೆನ್ನಿಗೆ ಪದೇ ಪದೇ ಸಿಗುವ ತಪ್ಪು ಇದು. 'ಈಸ್' ಕ್ರಿಯಾಪದ. ಈ ಎರಡೂ ಶೈಲಿಗಳಲ್ಲಿ ಕ್ರಿಯಾಪದಕ್ಕೆ ಕ್ಯಾಪಿಟಲ್ ಬೇಕು, 'ಅವರ್'ನಂಥ ಸರ್ವನಾಮಕ್ಕೂ ಬೇಕು. ಹಾಗಾಗಿ ಶಿಕಾಗೊ ಪ್ರಕಾರ ಹೋದರೆ ಎರಡಕ್ಷರದ 'ಈಸ್' ತಲೆ ಎತ್ತಿ ನಿಲ್ಲುತ್ತದೆ, ನಾಲ್ಕಕ್ಷರದ 'ಫ್ರಮ್' ಪಕ್ಕದಲ್ಲಿ ಕೂತಿರುತ್ತದೆ. ನೋಡಲು ವಿಚಿತ್ರ, ಆದರೆ ಅದೇ ಸರಿ.

ಇನ್ನೊಂದು ಎಚ್ಚರ. ಎಪಿಎ ಆರಿಸಿಕೊಂಡರೆ, ಕೊನೆಯ ಪುಟದ ಆಕರಪಟ್ಟಿಯಲ್ಲಿ ಲೇಖನಗಳ ಹೆಸರಿಗೆ ಈ ನಿಯಮವಿಲ್ಲ. ಅಲ್ಲಿ ಮೊದಲ ಪದ, ಕೋಲನ್ ನಂತರದ ಪದ ಮತ್ತು ಅಂಕಿತನಾಮಗಳಿಗೆ ಮಾತ್ರ ಕ್ಯಾಪಿಟಲ್. ಒಂದೇ ರಿಪೋರ್ಟಿನಲ್ಲಿ ಎರಡು ವೇಷ!

ಯಾವ ಶೈಲಿ ಎಂದು ಕಾಲೇಜಿನಲ್ಲಿ ಒಂದು ಮಾತು ಕೇಳಲಿ, 'ಫ್ರಮ್' ಅದರಂತೆ ಆಗಲಿ. 'ಈಸ್'ನ ಐ ಅನ್ನು ಮಾತ್ರ ಇವತ್ತೇ ದೊಡ್ಡದು ಮಾಡಿಸಿ. ರಟ್ಟಿನ ಮೇಲಿನ ಚಿನ್ನದ ಬಣ್ಣದ ಹೆಸರಿನ ಚಿಂತೆ ಬೇಡ. ಬೈಂಡಿಂಗ್‌ನವರು ಹೇಗೂ ಎಲ್ಲವನ್ನೂ ಕ್ಯಾಪಿಟಲ್‌ನಲ್ಲೇ ಒತ್ತುತ್ತಾರೆ.