ಓದುಗರ ಪ್ರಶ್ನೆ: ಗುಲಾಬಿ ಚಿತ್ರಕ್ಕೂ ಕಂಪನಿ ಕಾಲದ ಹಡಗಿಗೂ ಏನ್ ಸಂಬಂಧ?

ಪ್ರಶ್ನೆ: ಪ್ಯಾರಿಸ್‌ನಲ್ಲಿದ್ದ ಚಿತ್ರಕಾರ ರೆದೂತೆ ಬರೆದ ಹಳೇ ಗುಲಾಬಿ ಚಿತ್ರಗಳನ್ನ ಕ್ಯಾಲೆಂಡರು, ಗ್ರೀಟಿಂಗ್ ಕಾರ್ಡ್ ಮೇಲೆಲ್ಲ ನೋಡಿದೀನಿ. ಇವುಗಳ ಹಿಂದೆ ವಸಾಹತುಶಾಹಿ ಕತೆ ಇದೆ ಅಂತಾರಲ್ಲ, ಹೂವಿನ ಚಿತ್ರಕ್ಕೆ ಅದೆಲ್ಲಿಂದ ಅಂಟ್ಕೊಳ್ತು ಸರ್?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಗಿಡ ಪ್ಯಾರಿಸ್‌ವರೆಗೆ ಹೆಂಗೆ ಬಂತು ಅಂತ ಕೇಳಿದ್ರೆ ಆ ಕತೆ ಸಿಗುತ್ತೆ. ರೆದೂತೆ (1759–1840) ಗಿಡ ಹುಡುಕ್ಕೊಂಡು ಹಡಗು ಹತ್ತಿದವನಲ್ಲ, ಪ್ಯಾರಿಸ್ ಸುತ್ತಮುತ್ತಲ ತೋಟಗಳಲ್ಲಿ ಇದ್ದಿದ್ದನ್ನ ಬರೆದ, ಅವನ ಗುಲಾಬಿ ಪುಸ್ತಕ 1817ರಿಂದ 1824ರವರೆಗೆ ಕಂತು ಕಂತಾಗಿ ಬಂತು (ನೆಪೋಲಿಯನ್‌ನ ಮೊದಲ ಹೆಂಡತಿ ಜೋಸೆಫೀನ್ ರಾಣಿಗೋಸ್ಕರ ಮಾಡಿದ್ದು ಅಂತ ತುಂಬಾ ಜನ ಅನ್ಕೊಂಡಿದಾರೆ, ಆಕೆ 1814ರಲ್ಲೇ ತೀರ್ಕೊಂಡಿದ್ಲು). ಯುರೋಪಿನ ಹಳೇ ಗುಲಾಬಿಗಳು ಹೆಚ್ಚಿನವು ವರ್ಷಕ್ಕೊಂದೇ ಸಲ ಹೂ ಬಿಡ್ತಿದ್ವು, ಚೀನಾದವು ಮತ್ತೆ ಮತ್ತೆ ಬಿಡ್ತಿದ್ವು, ಅದಕ್ಕೇ ಅಷ್ಟು ಆಸೆ. ಯುರೋಪಿನವ್ರು ಇವನ್ನ 'ಕಂಡುಹಿಡಿದ್ರು' ಅಂತ ಬರೀತಾರಲ್ಲ, ಅದನ್ನ ನಾನಂತೂ ಒಪ್ಪಲ್ಲ. ಹೊರಗಿನವ್ರಿಗೆ ಚೀನಾ ಒಳಗೆ ಓಡಾಡೋಕೇ ಬಿಡ್ತಿರ್ಲಿಲ್ಲ, ಅಲ್ಲಿನ ಮಾಲಿಗಳು ತಲೆತಲಾಂತರದಿಂದ ಬೆಳೆಸ್ಕೊಂಡು ಬಂದಿದ್ದನ್ನ ದಕ್ಷಿಣ ಚೀನಾದ ಬಂದರು ಕ್ಯಾಂಟನ್ ಹತ್ರದ ನರ್ಸರಿಗಳಲ್ಲಿ ದುಡ್ಡು ಕೊಟ್ಟು ತಗೊಂಡು ಹಡಗಿಗೆ ಹಾಕ್ತಿದ್ರು ಅಷ್ಟೆ.

ನಮ್ಮ ಕಡೆಗೂ ಒಂದು ಎಳೆ ಇದೆ ನೋಡಿ. ರೆದೂತೆ ಬರೆದ ಒಂದು ಬಿಳಿ ಗುಲಾಬಿಗೆ ರೋಸಾ ಬ್ರಾಕ್ಟಿಯೇಟಾ ಅಂತ ಹೆಸರು, ರೂಢಿಯಲ್ಲಿ ಮೆಕಾರ್ಟ್ನಿ ರೋಸ್. ಲಾರ್ಡ್ ಮೆಕಾರ್ಟ್ನಿ 1793ರಲ್ಲಿ ಚೀನಾ ಚಕ್ರವರ್ತಿ ಹತ್ರ ವ್ಯಾಪಾರದ ಅನುಕೂಲ ಕೇಳೋಕೆ ಹೋದ ಬ್ರಿಟಿಷ್ ರಾಯಭಾರಿ, ಗಿಡ ತಂದವನು ಅವನ ಕಾರ್ಯದರ್ಶಿ ಜಾರ್ಜ್ ಸ್ಟಾಂಟನ್. ಕೇಳಿದ ಅನುಕೂಲ ಯಾವ್ದೂ ಸಿಗ್ಲಿಲ್ಲ, ಗುಲಾಬಿ ಸಿಕ್ತು! ಇದೇ ಮೆಕಾರ್ಟ್ನಿ ಅದಕ್ಕೆ ಮುಂಚೆ ಮದ್ರಾಸ್ ಗವರ್ನರ್ ಆಗಿದ್ದ, 1784ರಲ್ಲಿ ಟಿಪ್ಪು ಜೊತೆ ಮಂಗಳೂರು ಒಪ್ಪಂದ ಮಾಡ್ಕೊಳ್ಳೋಕೆ ಕಳಿಸಿದವ್ರಲ್ಲಿ ಇದೇ ಸ್ಟಾಂಟನ್ ಕೂಡ ಇದ್ದ.

ನಂಗೆ ಬೇಜಾರಾಗೋದು ಇನ್ನೊಂದು ವಿಷ್ಯಕ್ಕೆ. ರೆದೂತೆ ಹೆಸರು ಜಗತ್ತಿಗೇ ಗೊತ್ತು, ಹೆಚ್ಚುಕಮ್ಮಿ ಅದೇ ಕಾಲದಲ್ಲಿ ಮೊದ್ಲು ಕೋರಮಂಡಲ ಕರಾವಳೀಲಿ ಆಮೇಲೆ ಕಲ್ಕತ್ತಾ ಬೊಟಾನಿಕಲ್ ಗಾರ್ಡನ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಸ್ಯವಿಜ್ಞಾನಿ ವಿಲಿಯಂ ರಾಕ್ಸ್‌ಬರ್ಗ್‌ಗೋಸ್ಕರ 2,500ಕ್ಕೂ ಹೆಚ್ಚು ಗಿಡಗಳ ಚಿತ್ರ ಬರೆದ ನಮ್ಮ ಚಿತ್ರಕಾರರಲ್ಲಿ ಹೆಚ್ಚಿನವ್ರ ಹೆಸರನ್ನೂ ಯಾರೂ ಬರೆದಿಟ್ಟಿಲ್ಲ.

ಪ್ರಶ್ನೆ: ರೆದೂತೆ ಪುಸ್ತಕದ ಚಿತ್ರಗಳು ಕೈಯಲ್ಲಿ ಬಣ್ಣ ಹಾಕಿದ್ದಾ, ಪ್ರಿಂಟಾ?
– ಓದುಗರೊಬ್ಬರು, ಹಾಸನ

ಉತ್ತರ: ಎರಡೂ. ತಾಮ್ರದ ತಗಡಿನ ಮೇಲೆ ಸಣ್ಣ ಸಣ್ಣ ಚುಕ್ಕಿ ಕೊರೆದು, ಒಂದೇ ತಗಡಿಗೆ ಬೇಕಾದ ಬಣ್ಣಗಳನ್ನೆಲ್ಲ ಜಾಗ ನೋಡ್ಕೊಂಡು ಹಚ್ಚಿ ಒಂದೇ ಸಲ ಒತ್ತೋರು, ಆಮೇಲೆ ವಾಟರ್‌ಕಲರ್‌ನಲ್ಲಿ ಟಚಪ್. ಪ್ರತಿ ಹಾಳೆಗೂ ಮತ್ತೆ ಮೊದ್ಲಿಂದ ಬಣ್ಣ ಹಚ್ಬೇಕಿತ್ತು, ಹಾಗಾಗಿ ಒಂದು ಪ್ರತಿ ಇದ್ದಂಗೆ ಇನ್ನೊಂದಿರಲ್ಲ.